ರಾಷ್ಟ್ರಪತಿಯೋ, ರಾಷ್ಟ್ರಪತಿಗಳೋ? ಜೊತೆಗೆ ‘ರಾಜ್ಯ’ದ ಗೊಂದಲ

ಹೈಸ್ಕೂಲ್ ಮಕ್ಕಳಿಗಾಗಿ ಸಂವಿಧಾನದ ಬಗ್ಗೆ ಒಂದು ಸಣ್ಣ ಪುಸ್ತಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನವರಿಗೆ ಒಂದು ಅನುಕೂಲ ಇದೆ. ಗವರ್ನರ್ ಅನ್ನೋದು ಒಬ್ಬರ ಹೆಸರಿಗೆ ಮೊದಲು ಬಂದರೆ ಕ್ಯಾಪಿಟಲ್ ಅಕ್ಷರ, ಸುಮ್ನೆ ಹುದ್ದೆಯ ಮಾತಾದರೆ ಸಾಮಾನ್ಯವಾಗಿ ಚಿಕ್ಕಕ್ಷರ. ನಮ್ಮಲ್ಲಿ ಆ ಸೌಕರ್ಯ ಇಲ್ಲ, ಎಲ್ಲವನ್ನೂ ಗೌರವದ ಬಹುವಚನವೇ ಹೊರಬೇಕು.

155ನೇ ವಿಧಿಯನ್ನೇ ತೆಗೆದುಕೊಳ್ಳಿ. ‘ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ’ ಅಂತ ಬರೆದರೆ, ರಾಷ್ಟ್ರಪತಿಗಳು ಎಷ್ಟು ಜನ ಅಂತ ಮಕ್ಕಳು ಕೇಳಿದರೆ ತಪ್ಪಿಲ್ಲ ಅಲ್ವಾ? ಏಕವಚನಕ್ಕೆ ಇಳಿಸೋಣ ಅಂದರೆ ‘ನೇಮಿಸುತ್ತಾನೆ’ ಆಗುತ್ತದೆ. ಪ್ರತಿಭಾ ಪಾಟೀಲ್, ದ್ರೌಪದಿ ಮುರ್ಮು ಕೂತ ಕುರ್ಚಿಗೆ ಅದು ಹೊಂದುವುದಿಲ್ಲ. ‘ರಾಜ್ಯಪಾಲನನ್ನು’ ಅಂತಲೂ ಬರೆಯೋ ಹಾಗಿಲ್ಲ, 1999ರಲ್ಲೇ ವಿ.ಎಸ್. ರಮಾದೇವಿಯವರು ಕರ್ನಾಟಕದ ರಾಜ್ಯಪಾಲರಾದರು. ಸದ್ಯಕ್ಕೆ ‘ರಾಜ್ಯಪಾಲರ ಹುದ್ದೆಗೆ ನೇಮಕ ಮಾಡುವುದು ರಾಷ್ಟ್ರಪತಿ’ ಅಂತ ತಿರುಗಿಸಿದ್ದೇನೆ. ಒಂದು ವಾಕ್ಯಕ್ಕೆ ಚೆನ್ನಾಗಿದೆ, ಪುಟ ಪೂರ್ತಿ ಹೀಗೇ ಇದ್ದರೆ ಓದೋರಿಗೆ ಬೇಜಾರು.

ಮಾನ್ಯ, ಸನ್ಮಾನ್ಯ, ಘನತೆವೆತ್ತ ಎಲ್ಲವನ್ನೂ ಕಿತ್ತು ಹಾಕಿದ್ದೇನೆ. ಅವು ಆಮಂತ್ರಣ ಪತ್ರಿಕೆಯಲ್ಲಿರಲಿ. ಸರ್ಕಾರವೋ ಸರಕಾರವೋ, ಒಂದನ್ನು ಹಿಡಿದುಕೊಂಡರೆ ಸಾಕು.

ನಿಜವಾದ ತಲೆನೋವು ‘ರಾಜ್ಯ’. ‘ರಾಜ್ಯ ನಿರ್ದೇಶಕ ತತ್ವಗಳು’ (ಆಡಳಿತ ನಡೆಸುವವರಿಗೆ ಸಂವಿಧಾನ ಕೊಡುವ ಮಾರ್ಗಸೂಚಿಗಳು) ಅಂದಾಗ ಮಕ್ಕಳ ತಲೆಗೆ ಬರೋದು ಕರ್ನಾಟಕ, ಕೇರಳ ಇಂಥವು. ಆದರೆ 12ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರಗಳು, ಅವುಗಳ ಶಾಸಕಾಂಗ, ಕೊನೆಗೆ ಊರಿನ ಗ್ರಾಮ ಪಂಚಾಯಿತಿ ಕೂಡ ‘ರಾಜ್ಯ’ವೇ, ಮತ್ತು ನಿರ್ದೇಶಕ ತತ್ವಗಳಿಗೂ ಅದೇ ಅರ್ಥ ಅಂತ 36ನೇ ವಿಧಿ ಹೇಳುತ್ತದೆ. ಇಲ್ಲಿ ಇಂಗ್ಲಿಷಿನವರ ಕ್ಯಾಪಿಟಲ್ಲೂ ಕೈ ಕೊಡುತ್ತದೆ, ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ಎರಡೂ ಅರ್ಥಕ್ಕೆ ದೊಡ್ಡ ಎಸ್‌ನ ‘State’ ಪದವೇ ಇದೆ.

12ನೇ ವಿಧಿಯ ಈ ವಿಶಾಲ ಅರ್ಥಕ್ಕೆ ನನಗೆ ‘ಪ್ರಭುತ್ವ’ ಅನ್ನೋ ಪದ ಇಷ್ಟ, ಗೊಂದಲ ಒಂದೇ ಏಟಿಗೆ ಹೋಗುತ್ತದೆ. ಆದರೆ ಪರೀಕ್ಷೆಯಲ್ಲಿ ‘ರಾಜ್ಯ ನಿರ್ದೇಶಕ ತತ್ವಗಳು’ ಅಂತಲೇ ಕೇಳುತ್ತಾರೆ, ‘ಪ್ರಭುತ್ವ’ ಅಂತ ಬರೆದ ಹುಡುಗನಿಗೆ ಅಂಕ ಹೋದರೆ ಬೈಗುಳ ನನಗೆ. ಅಧ್ಯಾಯದ ಹೆಸರಲ್ಲಿ ‘ರಾಜ್ಯ’ ಉಳಿಸಿ ಒಳಗೆಲ್ಲ ‘ಪ್ರಭುತ್ವ’ ಬಳಸಿದರೆ ನಡೆಯುತ್ತದಾ? ಶಾಲೆಗಳಲ್ಲಿ ಪಾಠ ಮಾಡುವವರು ಹೇಳಿ. ‘ರಾಷ್ಟ್ರಪತಿಗಳು’ ಬಗ್ಗೆಯೂ ಬೇರೆ ದಾರಿ ಇದ್ದರೆ ತಿಳಿಸಿ.