ಹಾಯಿದೋಣಿಯ ತಳಕ್ಕೆ ಯಾವ ಬಣ್ಣ? ಮೇಸ್ತ್ರಿಗಳನ್ನು ಕೇಳಿ

ಮೇಸ್ತ್ರಿ: ದೋಣಿಗಳ ತಳಕ್ಕೆ ಆಂಟಿಫೌಲಿಂಗ್ ಬಣ್ಣ ಹಚ್ಚುವುದೇ ನನ್ನ ಕೆಲಸ. ಪಾಚಿ, ಬಾರ್ನಕಲ್ ಚಿಪ್ಪು, ಹುಳು ಅಂಟದಿರಲಿ ಎಂದು ಹಚ್ಚುವ ಬಣ್ಣ ಅದು. ಕೇಳುವ ಮೊದಲು ನಾಲ್ಕು ವಿಷಯ ಬರೆಯಿರಿ. ತಳ ಫೈಬರ್‌ನದೋ, ಮರದ್ದೋ, ಉಕ್ಕಿನದೋ, ಅಲ್ಯೂಮಿನಿಯಂದೋ? ನೀರು ಉಪ್ಪೋ ಸಿಹಿಯೋ? ಈಗ ಇರುವ ಬಣ್ಣ ಯಾವುದು? ದೋಣಿ ವರ್ಷಕ್ಕೆ ಎಷ್ಟು ದಿನ ನೀರಲ್ಲಿರುತ್ತದೆ, ಎಷ್ಟು ಓಡುತ್ತದೆ? ಇಷ್ಟು ಗೊತ್ತಿಲ್ಲದೆ ನಾನು ಏನು ಹೇಳಿದರೂ ತಪ್ಪಾಗಬಹುದು.

ಗಾಳಿಮುಖ: ನಮಸ್ಕಾರ ಸರ್. ಒಂದೇ ಪ್ರಶ್ನೆ. ಎಲ್ಲಕ್ಕಿಂತ ಒಳ್ಳೆಯ ಬಣ್ಣ ಯಾವುದು?

ಮೇಸ್ತ್ರಿ: ನಮಸ್ಕಾರ. ಮೇಲಿನ ನಾಲ್ಕನ್ನು ಬರೆಯಿರಿ, ಹೇಳುತ್ತೇನೆ.

ಗಾಳಿಮುಖ: ಫೈಬರ್. ಉಪ್ಪುನೀರು. ಹಳೆಯ ಬಣ್ಣ ಯಾವುದೋ ಗೊತ್ತಿಲ್ಲ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಬಟ್ಟೆಗೆ ಹತ್ತುತ್ತದೆ. ವರ್ಷವಿಡೀ ನೀರಲ್ಲೇ ಇರುತ್ತದೆ, ವಾರಕ್ಕೊಮ್ಮೆ ಹಾಯಿ ಬಿಚ್ಚುತ್ತೇನೆ.

ಮೇಸ್ತ್ರಿ: ಬಟ್ಟೆಗೆ ಹತ್ತಿದರೆ ಅದು ಸವೆಯುವ ಜಾತಿಯ ಬಣ್ಣ. ನೀರು ತಾಗಿದಂತೆ ತೆಳ್ಳಗೆ ಸವೆದು, ಚಿಪ್ಪು ಅಂಟದಂತೆ ತಡೆಯುವ ಒಳಗಿನ ಹೊಸ ತಾಮ್ರವನ್ನು ಮೇಲೆ ತರುತ್ತದೆ. ಅದರ ಮೇಲೆ ಸವೆಯದ ಗಟ್ಟಿ ಬಣ್ಣ ಹಚ್ಚಬೇಡಿ, ಹಾಳೆಹಾಳೆಯಾಗಿ ಎದ್ದು ಬರುತ್ತದೆ. ಉಲ್ಟಾ ಮಾಡಬಹುದು. ಗಟ್ಟಿಯದನ್ನು ಒರಟು ಮಾಡಿಕೊಂಡು ಮೇಲೆ ಸವೆಯುವುದನ್ನು ಹಚ್ಚಬಹುದು. ನಿಮಗೆ ಸವೆಯುವುದೇ ಸರಿ. ಮೊದಲ ಕೋಟ್ ಕಪ್ಪು ಹಾಕಿದರೆ ಮೇಲಿನ ಎರಡು ಕೋಟ್ ಕೆಂಪು ಹಾಕಿ. ಎಲ್ಲಿ ಕಪ್ಪು ಇಣುಕುತ್ತದೋ ಅಲ್ಲಿ ಮತ್ತೆ ಹಚ್ಚುವ ಸಮಯ ಬಂತು ಅಂತ. ನೀರಿನ ಗೆರೆ, ಕೀಲ್‌ನ (ತಳದ ನಡುವೆ ಕೆಳಗೆ ಚಾಚಿರುವ ಭಾಗ) ಮುಂದಿನ ಅಂಚು, ಚುಕ್ಕಾಣಿಯ ಅಂಚು, ಈ ಮೂರು ಕಡೆ ಒಂದು ಕೋಟ್ ಜಾಸ್ತಿ.

ಲಂಗರು: ಒಂದು ಫಾರ್ವರ್ಡ್ ಬಂದಿದೆ ಸರ್. "ಬಣ್ಣದ ಡಬ್ಬಿಗೆ ಖಾರದ ಪುಡಿ ಕಲಸಿ ಹಚ್ಚಿ, ಬಾರ್ನಕಲ್ ಹತ್ತಿರ ಸುಳಿಯುವುದಿಲ್ಲ, ಎಲ್ಲರಿಗೂ ಕಳಿಸಿ." ನಿಜವಾ?

ಮೇಸ್ತ್ರಿ: ಇಲ್ಲ. ತಾಮ್ರ ಎಷ್ಟು ವೇಗದಲ್ಲಿ ಕರಗಿ ಹೊರಬರಬೇಕು ಎಂಬ ಲೆಕ್ಕದ ಮೇಲೆ ಆ ಬಣ್ಣ ತಯಾರಾಗಿರುತ್ತದೆ. ಅದರಲ್ಲಿ ಬೇರೆ ಪುಡಿ ಕಲಸಿದರೆ ಪದರ ಸಡಿಲವಾಗುತ್ತದೆ. ಅಷ್ಟೇ ಆಗುವುದು.

ಸಿಹಿನೀರು: ನನ್ನ ದೋಣಿ ಕೆರೆಯಲ್ಲಿದೆ. ಫೈಬರ್. ಬಾರ್ನಕಲ್ ಇಲ್ಲ, ಬರೀ ಹಸಿರು ಲೋಳೆ. ತಾಮ್ರ ಜಾಸ್ತಿ ಇರುವ ಬಣ್ಣ ತರಲೇ?

ಅಲೆಮಾರಿ: ಸರ್, ಒಂದು ಹಳೆಯ ಅಲ್ಯೂಮಿನಿಯಂ ಹಾಯಿದೋಣಿ ಕೊಂಡಿದ್ದೇನೆ. ಉಪ್ಪುನೀರು. ಹಿಂದಿನವರು ಯಾವುದೋ ಕೆಂಪು ಬಣ್ಣ ಹಚ್ಚಿದ್ದರು, ಡಬ್ಬಿ ಇಲ್ಲ. ಮುಳುಗಿ ನೋಡಿದಾಗ ಕೀಲ್ ಪಕ್ಕದಲ್ಲಿ ಬೆರಳ ತುದಿಯಷ್ಟು ದಪ್ಪದ ಗುಳ್ಳೆಗಳಿದ್ದವು. ಒಂದನ್ನು ಉಗುರಿನಿಂದ ಒಡೆದೆ, ಒಳಗೆ ಬಿಳಿ ಪೇಸ್ಟ್ ತರಹ ಇತ್ತು. ಮುಂದಿನ ತಿಂಗಳು ಮೇಲೆತ್ತಿಸುತ್ತೇನೆ. ಅದರ ಮೇಲೆ ಯಾವ ಬಣ್ಣ ಹಚ್ಚಲಿ?

ಮೇಸ್ತ್ರಿ: ಮುಂದಿನ ತಿಂಗಳು ಬೇಡ. ಈ ವಾರವೇ ಎತ್ತಿಸಿ. ಬಣ್ಣದ ಮಾತು ಆಮೇಲೆ. ಆ ಬಿಳಿ ಪೇಸ್ಟ್ ನಿಮ್ಮ ದೋಣಿಯದೇ ಲೋಹ, ಕೊರೆದು ಹೊರಗೆ ಬಂದಿದೆ. ಅದರ ಕೆಳಗೆ ಗುಳಿ ಇರುತ್ತದೆ, ಗುಳಿ ಎಷ್ಟು ಆಳ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಹೆಚ್ಚಿನ ಆಂಟಿಫೌಲಿಂಗ್ ಬಣ್ಣಗಳಲ್ಲಿ ಕ್ಯುಪ್ರಸ್ ಆಕ್ಸೈಡ್ ಇರುತ್ತದೆ, ಅಂದರೆ ತಾಮ್ರ. ಉಪ್ಪುನೀರಲ್ಲಿ ತಾಮ್ರವೂ ಅಲ್ಯೂಮಿನಿಯಂ ಕೂಡ ಒಂದಕ್ಕೊಂದು ತಾಗಿದರೆ ಬ್ಯಾಟರಿಯಾಗುತ್ತದೆ, ತಿಂದುಹೋಗುವುದು ಅಲ್ಯೂಮಿನಿಯಂ. ಬಣ್ಣ ನೇರವಾಗಿ ತಾಗಲೇಬೇಕು ಅಂತಲೂ ಇಲ್ಲ. ನೀರಲ್ಲಿ ಕರಗಿದ ತಾಮ್ರ ಎಲ್ಲೋ ಗೀರು ಬಿದ್ದ ಕಡೆ ಅಲ್ಯೂಮಿನಿಯಂ ಮೇಲೆ ಕೂತರೂ ಸಾಕು, ಅಲ್ಲೇ ಕೊರೆಯಲು ಶುರುವಾಗುತ್ತದೆ.

ಇದು ಇವತ್ತಿನ ಸಮಸ್ಯೆಯಲ್ಲ. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿತು. ಹುಳು, ಚಿಪ್ಪು ದೂರವಾದವು. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ತಾಮ್ರ ಸವೆಯದಿರಲಿ ಎಂದು ಅದಕ್ಕೆ ಬೇರೆ ಲೋಹದ ತುಂಡುಗಳನ್ನು ಜೋಡಿಸಿದರು. ತಾಮ್ರ ಉಳಿಯಿತು, ಆದರೆ ಚಿಪ್ಪು ಮತ್ತೆ ಹತ್ತಿಕೊಂಡಿತು. ಕರಗುವ ತಾಮ್ರವೇ ತಳವನ್ನು ಕಾಯುವುದು. ನಿಮ್ಮ ದೋಣಿಯನ್ನು ತಿನ್ನುವುದೂ ಅದೇ.

ಎತ್ತಿಸಿದ ಮೇಲೆ ಹೀಗೆ ಮಾಡಿ. ಒಂದೊಂದು ಗುಳ್ಳೆಯನ್ನೂ ತೆರೆದು ಗುರುತು ಹಾಕಿ. ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್ ಮೀಟರ್‌ನಿಂದ ಅಳೆಸಿ, ಇದನ್ನು ಮಾತ್ರ ಬಿಡಲೇಬೇಡಿ. ಕಬ್ಬಿಣದ ಬ್ರಷ್ ಹಾಕಬೇಡಿ, ಕಬ್ಬಿಣದ ಕಣ ಅಲ್ಯೂಮಿನಿಯಂ ಒಳಗೆ ಕೂತು ಅದೂ ಕೊರೆಯುತ್ತದೆ. ಯಾರಾದರೂ ಜೋರು ಗಾಳಿಯಲ್ಲಿ ಪುಡಿ ಹೊಡೆದು ಬಣ್ಣ ಎಬ್ಬಿಸುವ ಬ್ಲಾಸ್ಟಿಂಗ್ ಮಾಡಿಕೊಡುತ್ತೇನೆ ಅಂದರೆ ಯಾವ ಪುಡಿ ಹೊಡೆಯುತ್ತೀರಿ ಎಂದು ಮೊದಲು ಕೇಳಿ, ತಾಮ್ರದ ಕಿಟ್ಟದ ಪುಡಿ ಆದರೆ ದೋಣಿ ಮುಟ್ಟಲು ಬಿಡಬೇಡಿ. ಹಳೆಯ ಬಣ್ಣ ಪೂರ್ತಿ ಹೋಗಬೇಕು. ಬರಿ ಲೋಹ ಕಂಡ ದಿನವೇ, ಗಂಟೆಗಳ ಒಳಗೆ ಎಪಾಕ್ಸಿ ಪ್ರೈಮರ್, ಅಂದರೆ ಲೋಹಕ್ಕೆ ಗಟ್ಟಿಯಾಗಿ ಹಿಡಿಯುವ ರಾಳದ ಮೊದಲ ಕೋಟ್, ಬೀಳಬೇಕು, ತಡವಾದರೆ ಆಕ್ಸೈಡ್ ಪೊರೆ ಮತ್ತೆ ಬೆಳೆದು ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ. ಅದರ ಮೇಲೆ ಎಪಾಕ್ಸಿಯ ಹಲವು ಕೋಟ್. ಕೊನೆಗೆ ಆಂಟಿಫೌಲಿಂಗ್. ತಾಮ್ರದ ಥಯೋಸಯನೇಟ್ ಇರುವ ಕೆಲವನ್ನು ಅಲ್ಯೂಮಿನಿಯಂ ಮೇಲೆ ಹಚ್ಚಬಹುದು ಅನ್ನುತ್ತಾರೆ. ನಿಮ್ಮದಕ್ಕೆ ನಾನು ತಾಮ್ರವೇ ಇಲ್ಲದ್ದನ್ನು ಹಚ್ಚುತ್ತೇನೆ. ಹೊಸ ಡಬ್ಬಿಯ ಬಣ್ಣ ನೋಡಿ ಮೋಸ ಹೋಗಬೇಡಿ. ಕೆಂಪಿನಲ್ಲಿ ಮಾತ್ರ ತಾಮ್ರ ಅಂತಲ್ಲ, ಕಪ್ಪು ಮತ್ತು ನೀಲಿಯಲ್ಲೂ ಇರುತ್ತದೆ. ಡಬ್ಬಿಯ ಹಿಂದಿನ ಪಟ್ಟಿ ಓದಿ.

ಇನ್ನು ನನಗೆ ಮೂರು ಉತ್ತರ ಬೇಕು. ಸತುವಿನ ಆನೋಡ್, ಅಂದರೆ ದೋಣಿಯ ಲೋಹದ ಬದಲು ತಾನು ಸವೆಯಲಿ ಎಂದು ತಳಕ್ಕೆ ಕಟ್ಟುವ ತುಂಡು, ಎಷ್ಟು ಉಳಿದಿದೆ? ದಡದ ಕರೆಂಟಿಗೆ ತಂತಿ ಹಾಕಿಟ್ಟು ನಿಲ್ಲಿಸುತ್ತೀರಾ? ದೋಣಿಯ ಒಳಗೆ, ತಳದಲ್ಲಿ ನೀರು ನಿಲ್ಲುವ ಜಾಗದಲ್ಲಿ ತಾಮ್ರದ ತಂತಿಯ ತುಂಡು, ನಾಣ್ಯ ಏನಾದರೂ ಬಿದ್ದಿದೆಯಾ? ಒಳಗಿನಿಂದಲೂ ಕೊರೆಯುತ್ತದೆ.

ಲಂಗರು: ಇಷ್ಟೆಲ್ಲ ಯಾಕೆ? ಇನ್ನೂ ನಾಲ್ಕು ಆನೋಡ್ ಕಟ್ಟಿದರೆ ಆಯ್ತಲ್ವಾ?

ಮೇಸ್ತ್ರಿ: ಆಗುವುದಿಲ್ಲ. ಅಳತೆ ಮೀರಿದರೆ ಬಣ್ಣವೇ ಗುಳ್ಳೆ ಎದ್ದು ಬಿಡುತ್ತದೆ. ಆಗ ತಳದ ಮೇಲೆ ಕ್ಷಾರವೂ ಕಟ್ಟುತ್ತದೆ, ಅಲ್ಯೂಮಿನಿಯಂಗೆ ಅದು ಆಗಿಬರುವುದಿಲ್ಲ. ಗೊತ್ತಿಲ್ಲದೆ ಬೇರೆಯವರ ದೋಣಿಗೆ ಸಲಹೆ ಕೊಡಬೇಡಿ.

ಲಂಗರು: ಕೇಳಿದ್ದು ತಪ್ಪಾ?

ಕಡಲಕಾಗೆ: ರೇಸ್ ಓಡಿಸುವವರು ಗಟ್ಟಿ ಬಣ್ಣವನ್ನೇ ಹಚ್ಚಬೇಕು. ಉಜ್ಜಿ ಗಾಜಿನ ಹಾಗೆ ಮಾಡಬಹುದು. ಸವೆಯುವ ಬಣ್ಣ ಸೋಮಾರಿಗಳಿಗೆ.

ಗಾಳಿಮುಖ: ನಾನು ಸೋಮಾರಿಯಲ್ಲ. ಮೇಸ್ತ್ರಿಗಳೇ ನನಗೆ ಅದನ್ನು ಹೇಳಿದ್ದು. ಗಟ್ಟಿಯದು ವರ್ಷವರ್ಷ ಪದರ ಮೇಲೆ ಪದರ ಕೂಡುತ್ತದೆ, ಕೊನೆಗೆ ಪೂರ್ತಿ ಕೆರೆದು ತೆಗೆಯಬೇಕು. ಅದನ್ನು ಯಾರು ಮಾಡುತ್ತಾರೆ?

ಕಡಲಕಾಗೆ: ಕೆರೆಯಲು ಆಗದಿದ್ದರೆ ದೋಣಿ ಯಾಕೆ ಇಟ್ಟುಕೊಂಡಿದ್ದೀರಿ? ನಿಜ ಹೇಳಬೇಕೆಂದರೆ ಹಿಂದಿನ ತವರದ ಬಣ್ಣದಷ್ಟು ಒಳ್ಳೆಯದು ಯಾವುದೂ ಇಲ್ಲ. ಸುಮ್ನೆ ನಿಷೇಧ ಮಾಡಿದರು.

ಹಸಿರುದಡ: ಸುಮ್ನೆ ಅಲ್ಲ. ಆ ತವರದ ಬಣ್ಣದಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ವಿಷ ಇತ್ತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಾಕುತ್ತಿದ್ದ ಸಿಂಪಿಗಳ ಚಿಪ್ಪು ವಿಕಾರವಾಗಿ ಬೆಳೆಯಿತು, ಮರಿಗಳು ಉಳಿಯಲಿಲ್ಲ. ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಬೆಳೆಯಿತು. 1982ರಲ್ಲಿ ಫ್ರಾನ್ಸ್ 25 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ನಿಷೇಧಿಸಿತು. 2001ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಯಿತು, 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ತಾಮ್ರವೂ ಮುಂದೊಂದು ದಿನ ಹೋಗಲೇಬೇಕು.

ಕಡಲಕಾಗೆ: ಹಾಗಾದರೆ ನಿಮ್ಮ ದೋಣಿಗೆ ಏನೂ ಹಚ್ಚಬೇಡಿ, ಚಿಪ್ಪು ಹೊತ್ತುಕೊಂಡು ತೆವಳಿ.

ಹಸಿರುದಡ: ನನ್ನದಕ್ಕೆ ಸಿಲಿಕೋನ್ ಪದರ ಹಾಕಿಸಿದ್ದೇನೆ. ವಿಷವಿಲ್ಲ, ಜಾರಿಕೆ ಇರುವುದರಿಂದ ಚಿಪ್ಪು ಗಟ್ಟಿಯಾಗಿ ಹಿಡಿಯುವುದಿಲ್ಲ, ಓಡಿದಾಗ ಕಳಚುತ್ತದೆ.

ಗಾಳಿಮುಖ: ವಾರಗಟ್ಟಲೆ ನಿಂತೇ ಇರುವ ದೋಣಿಗೆ? ಆಗ ಹೇಗೆ ಕಳಚುತ್ತದೆ?

ಹಸಿರುದಡ: ಒರೆಸಬೇಕು. ನಾನು ಒರೆಸುತ್ತೇನೆ. ನಿಮಗೆ ಆಗದಿದ್ದರೆ ಬಿಡಿ.

ಮೇಸ್ತ್ರಿ: ಸಿಲಿಕೋನ್ ಹಾಕಿಸುವವರು ಒಂದು ವಿಷಯ ತಿಳಿದುಕೊಳ್ಳಿ. ಮುಂದೆ ಮನಸ್ಸು ಬದಲಾದರೆ ಅದರ ಮೇಲೆ ಬೇರೆ ಬಣ್ಣ ಹಿಡಿಯುವುದಿಲ್ಲ. ಉಳಿದ ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಸಿಹಿನೀರು: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿತು. ಕೆರೆ, ಫೈಬರ್, ಹಸಿರು ಲೋಳೆ.

ಚುಕ್ಕಾಣಿ: ಅಲ್ಟ್ರಾಸೌಂಡ್ ಹೊರಡಿಸುವ ಯಂತ್ರ ಕೂರಿಸಿದರೆ ಬಣ್ಣವೇ ಬೇಡ ಅನ್ನುತ್ತಾರೆ. ಯಾರಾದರೂ ಬಳಸಿದ್ದೀರಾ?

ಕಡಲಕಾಗೆ: ಇದೂ ಒಂದು ಫಾರ್ವರ್ಡ್: "ಟೆಟ್ರಾಸೈಕ್ಲಿನ್ ಮಾತ್ರೆ ಪುಡಿ ಮಾಡಿ ಬಣ್ಣಕ್ಕೆ ಹಾಕಿ, ಲೋಳೆ ಬರುವುದಿಲ್ಲ." ಇದಕ್ಕೆ ಲೈಕ್ ತುಂಬಾ ಇದೆ.

ಮೇಸ್ತ್ರಿ: ಲೈಕ್ ಇದ್ದರೆ ಸತ್ಯವಾಗುವುದಿಲ್ಲ. ಅದು ರೋಗಿಗಳಿಗೆ ಕೊಡುವ ಔಷಧಿ. ನೀರಿಗೆ ಬಿಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿ ಮಾಡಿಕೊಟ್ಟ ಹಾಗೆ. ಇಂಥದ್ದನ್ನು ಇಲ್ಲಿ ಹಾಕುವುದು ನಿಲ್ಲಿಸಿ. ಯಾರೂ ಮಾಡಬೇಡಿ.

ನೀಲಿಹಾಯಿ: ನಾನು ಮೂರು ದಿನದಿಂದ ಹಳೆಯ ಬಣ್ಣವನ್ನು ಮೆಷಿನ್‌ನಲ್ಲಿ ಒಣದಾಗಿ ಉಜ್ಜುತ್ತಿದ್ದೇನೆ. ಮೂಗಿಗೆ ಬಟ್ಟೆ ಕಟ್ಟಿದ್ದೇನೆ, ಆದರೂ ಬಾಯಲ್ಲಿ ಲೋಹದ ರುಚಿ. ಮಗನೂ ಸಹಾಯ ಮಾಡುತ್ತಿದ್ದಾನೆ. ಎಷ್ಟನೇ ನಂಬರ್ ಸ್ಯಾಂಡ್‌ಪೇಪರ್ ಸರಿ?

ಮೇಸ್ತ್ರಿ: ಈಗಲೇ ನಿಲ್ಲಿಸಿ! ಮಗನನ್ನು ಅಲ್ಲಿಂದ ಕಳಿಸಿ. ಇಬ್ಬರೂ ಸ್ನಾನ ಮಾಡಿ, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಇವತ್ತೇ ಡಾಕ್ಟರಿಗೆ ತೋರಿಸಿ, ಬಣ್ಣದ ಧೂಳು ಎಂದು ಹೇಳಿ. ನೀವು ಉಸಿರಾಡಿದ್ದು ವಿಷದ ಧೂಳು, ಅದಕ್ಕೆ ಬಟ್ಟೆ ಸಾಕಾಗುವುದಿಲ್ಲ. ಹಳೆಯ ದೋಣಿಯಾದರೆ ಕೆಳಗಿನ ಪದರದಲ್ಲಿ ಆ ತವರದ ಬಣ್ಣವೂ ಇರಬಹುದು. ಮತ್ತೆ ಶುರು ಮಾಡುವಾಗ ನೀರು ಹಾಕಿಕೊಂಡೇ ಉಜ್ಜಬೇಕು. ಸರಿಯಾದ ಫಿಲ್ಟರ್ ಮಾಸ್ಕ್, ಕನ್ನಡಕ, ಗ್ಲೌಸ್, ಮೈ ಮುಚ್ಚುವ ಬಟ್ಟೆ ಬೇಕು. ಕೆಳಗೆ ಟಾರ್ಪಾಲ್ ಹಾಸಿ, ಬಿದ್ದದ್ದು ನೀರಿಗೂ ಮಣ್ಣಿಗೂ ಹೋಗಬಾರದು. ನಂಬರ್ ಆಮೇಲೆ ಹೇಳುತ್ತೇನೆ.

ನೀಲಿಹಾಯಿ: ಮಗನನ್ನು ಕಳಿಸಿದೆ. ನಿಲ್ಲಿಸಿದ್ದೇನೆ. ಈಗಲೇ ಡಾಕ್ಟರ ಹತ್ತಿರ ಹೊರಟೆವು.

ಪಡುಗಾಳಿ: ಎಲ್ಲರಿಗೂ ನಮಸ್ಕಾರ, ಹೊಸಬ. ಫೈಬರ್ ದೋಣಿಗೆ ಒಳ್ಳೆಯ ಬಣ್ಣ ಯಾವುದು?

ಮೇಸ್ತ್ರಿ: ಮೇಲೆ ಓದಿ.

ಪಡುಗಾಳಿ: ಓದಲು ತುಂಬಾ ಉದ್ದ ಇದೆ ಸರ್, ಹೆಸರು ಹೇಳಿದರೆ ಸಾಕು.

ಮೇಸ್ತ್ರಿ: ಮೇಲೆ ಓದಿ.

ಸಿಹಿನೀರು: ಮೂರನೇ ಸಲ ಕೇಳುತ್ತಿದ್ದೇನೆ. ಜಗಳ ಆಡಿದವರಿಗೆ ಉತ್ತರ ಸಿಗುತ್ತದೆ, ಸುಮ್ನೆ ಕಾದವರಿಗೆ ಇಲ್ಲ.

ಮೇಸ್ತ್ರಿ: ತಾಮ್ರ ಜಾಸ್ತಿ ಬೇಡ. ಲೋಳೆಗೆ ಝಿಂಕ್ ಪೈರಿಥಿಯೋನ್ ಎಂಬ ಪಾಚಿ ತಡೆಯುವ ರಾಸಾಯನಿಕ ಇರುವ ಸವೆಯುವ ಬಣ್ಣ ನೋಡಿ. ಮೊದಲು ಆ ಕೆರೆಯಲ್ಲಿ ಯಾವುದಕ್ಕೆ ಅನುಮತಿ ಇದೆ ಕೇಳಿಕೊಳ್ಳಿ.

ಅಲೆಮಾರಿ: ಸರ್, ಇವತ್ತು ಎತ್ತಿಸಿದೆ. ಸತುವಿನ ಆನೋಡ್‌ಗಳ ಮೇಲೂ ಅದೇ ಕೆಂಪು ಬಣ್ಣ ಹಚ್ಚಿದ್ದರು, ಒಂದೂ ಸವೆದಿಲ್ಲ. ದಡದ ಕರೆಂಟಿನ ತಂತಿ ಸದಾ ಹಾಕಿಯೇ ಇರುತ್ತಿತ್ತು. ಒಳಗೆ ಇಂಜಿನ್ ಕೆಳಗೆ ತಾಮ್ರದ ತಂತಿಯ ಎರಡು ತುಂಡು ಸಿಕ್ಕವು. ಗುಳ್ಳೆ ಮೂವತ್ತೊಂದು ಎಣಿಸಿದೆ.

ಲಂಗರು: ಮೇಲೆ ಇನ್ನೂ ಚಿಪ್ಪು ಇದ್ದರೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯಿರಿ, ನಿಮಿಷದಲ್ಲಿ ಕರಗುತ್ತದೆ. ನಾನು ಮಾಡಿದ್ದೇನೆ.

ಮೇಸ್ತ್ರಿ: ಅಲೆಮಾರಿಯವರೇ, ಆ ಮಾತು ಕೇಳಬೇಡಿ! ಆಸಿಡ್ ಚಿಪ್ಪನ್ನೂ ಕರಗಿಸುತ್ತದೆ, ಅಲ್ಯೂಮಿನಿಯಂ ಅನ್ನೂ ಕರಗಿಸುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬರುತ್ತದೆ. ಲಂಗರು, ನಿಮಗೆ ಇದು ಎರಡನೇ ಸಲ ಹೇಳುತ್ತಿರುವುದು, ಇವರ ದೋಣಿಯ ವಿಷಯಕ್ಕೆ ಬರಬೇಡಿ.

ಲಂಗರು: ಸರಿ. ಇನ್ನು ಏನೂ ಹೇಳುವುದಿಲ್ಲ.

ಮೇಸ್ತ್ರಿ: ಅಲೆಮಾರಿಯವರೇ, ಆನೋಡ್ ಮೇಲೆ ಬಣ್ಣ ಹಚ್ಚಿದ್ದರಿಂದ ಅದು ಇದ್ದೂ ಇಲ್ಲದ ಹಾಗಾಗಿದೆ. ಆ ಜಾಗಕ್ಕೆ ಹೊಸದು ಬರಬೇಕು, ಅದರ ಮೇಲೆ ಯಾವ ಬಣ್ಣವೂ ಬೀಳಬಾರದು. ದಡದ ತಂತಿ ಇವತ್ತೇ ಕಿತ್ತಿಡಿ, ಆ ತಂತಿಯ ಮೂಲಕ ಲೋಹ ತಿನ್ನುವ ಸಣ್ಣ ಕರೆಂಟು ಹರಿಯದಂತೆ ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಮಧ್ಯದಲ್ಲಿ ಕೂರಿಸುವವರೆಗೆ ಮತ್ತೆ ಹಾಕಬೇಡಿ. ಆ ಎರಡು ತುಂಡು ಬಿದ್ದಿದ್ದ ಕಡೆ ಒಳಗಿನಿಂದ ಉಜ್ಜಿ ನೋಡಿ, ಹೊರಗೆ ಅದೇ ಜಾಗದಲ್ಲಿ ಗುಳ್ಳೆ ಇದೆಯಾ ಹೇಳಿ. ಮೂವತ್ತೊಂದಕ್ಕೂ ನಂಬರ್ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿ. ದಪ್ಪ ಅಳೆಯುವವರು ಬರುವವರೆಗೆ ಪ್ರೈಮರ್ ಡಬ್ಬಿ ತೆರೆಯಬೇಡಿ.

ಅಲೆಮಾರಿ: ಆಯ್ತು ಸರ್. ಅಳೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಒಳಗೆ ಉಜ್ಜಿದೆ. ಏಳನೇ ನಂಬರ್ ಗುಳ್ಳೆಯ ನೇರಕ್ಕೆ ಒಳಗೂ ಬಿಳಿ ಪುಡಿ ಇದೆ.

ಮೇಸ್ತ್ರಿ: ಏಳನೆಯದನ್ನು ಮೊದಲು ಅಳೆಸಿ. ಬೆರಳಿನಿಂದಲೂ ಒತ್ತಬೇಡಿ. ನಾಳೆ ಬೆಳಿಗ್ಗೆ ನಾನು ಇಲ್ಲೇ ಇರುತ್ತೇನೆ, ಅಳತೆ ಬಂದ ಕೂಡಲೇ ಬರೆಯಿರಿ.