ಬಲೂನಿಗೆ ಕ್ಯಾಮೆರಾ ಕಟ್ಟಿ 30 ಕಿ.ಮೀ. ಮೇಲಕ್ಕೆ: ಚಳ್ಳಕೆರೆಯಿಂದ ಬಿಡಬಹುದಾ?

ಹೊಲದಂಚು:
ಅಣ್ಣನ ಮಗ ಪಿಯುಸಿ. ಅವನೂ ನಾನೂ ಸೇರಿ ಜುಲೈನಲ್ಲಿ ನಮ್ಮ ಹೊಲದಿಂದ ಬಲೂನ್ ಹಾರಿಸಬೇಕು ಅಂತಿದ್ದೇವೆ. 600 ಗ್ರಾಂ ಲ್ಯಾಟೆಕ್ಸ್ ಬಲೂನ್, ಹೀಲಿಯಂ, ಪ್ಯಾರಾಚೂಟ್, ಮೀನಂಗಡಿಯ ಥರ್ಮಾಕೋಲ್ ಡಬ್ಬದೊಳಗೆ ಒಂದು ಗೋಪ್ರೋ. ಎಲ್ಲಿ ಬಿತ್ತು ಅಂತ ಹುಡುಕಲು ಹಳೇ ಮೊಬೈಲ್ ಸಾಕಲ್ವಾ? ಮೇಲಿಂದ ಎರಡೂ ಕಡಲು ಕಾಣುತ್ತವೆ ಅಂತಾನೆ ಹುಡುಗ. ನಿಜವಾ?

ಹ್ಯಾಮ್ ಮಾವ:
ಹುಡುಗನ ಲೆಕ್ಕ ಸರಿ. 30 ಕಿ.ಮೀ. ಎತ್ತರದಲ್ಲಿ ದಿಗಂತ ಸುಮಾರು 600 ಕಿ.ಮೀ. ದೂರ. ಗಾಳಿ ತಿಳಿಯಾಗಿದ್ದರೆ ಎರಡೂ ಕರಾವಳಿ ಆ ಅಳತೆಯೊಳಗೇ ಬರುತ್ತವೆ. ಆದರೆ ಚಳ್ಳಕೆರೆ ಬೇಡವೇ ಬೇಡ ಮಾರಾಯ್ರೆ! ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನ ಪರೀಕ್ಷೆ ಮಾಡುವ ಜಾಗ 2017ರಿಂದ ಅಲ್ಲೇ ಇದೆ.

ಜುಲೈ ಕೂಡ ಬೇಡ. ಮೋಡದ ಮಾತು ಬಿಡಿ, ಗಾಳಿ ನೋಡಿ. ಮಳೆಗಾಲದಲ್ಲಿ ಕೆಳಗಿನ ಗಾಳಿ ಪೂರ್ವಕ್ಕೆ ತಳ್ಳುತ್ತದೆ. ಸುಮಾರು 15 ಕಿ.ಮೀ. ಮೇಲೆ ಹೋದರೆ ಪೂರ್ವದಿಂದ ಬೀಸುವ ಜೆಟ್ ಗಾಳಿ ಸಿಕ್ಕಿ ವಾಪಸ್ ಪಶ್ಚಿಮಕ್ಕೆ ಎಳೆದೊಯ್ಯುತ್ತದೆ. ಘಟ್ಟದ ಕಾಡಿನಲ್ಲಿ ಬಿದ್ದ ಡಬ್ಬ ಹುಡುಕೋರು ಯಾರು? ಮಳೆಗಾಲ ಮುಗಿಯಲಿ. ಆಮೇಲೂ ಹಾರಿಸುವ ಹಿಂದಿನ ದಿನ ಪಥದ ಅಂದಾಜು ಹಾಕಿಯೇ ಹೊರಡಿ.

ಮೊಬೈಲ್ ನಂಬಬೇಡಿ. ಟವರ್‌ಗಳ ಮುಖ ನೆಲದ ಕಡೆಗೆ. ಸ್ವಲ್ಪ ಮೇಲೆ ಹೋದರೆ ಸಿಗ್ನಲ್ ಹೋಯಿತು. ಹಳ್ಳದಲ್ಲಿ ಬಿದ್ದರೆ ಅಲ್ಲೂ ಇಲ್ಲ. ಲೋರಾ (ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಸಂದೇಶ ಕಳಿಸುವ ಪುಟ್ಟ ರೇಡಿಯೊ) ಅಥವಾ ಹ್ಯಾಮ್ ರೇಡಿಯೊ (ಹವ್ಯಾಸಿಗಳ ರೇಡಿಯೊ) ಹಾಕಿ, ಹ್ಯಾಮ್ ಲೈಸೆನ್ಸ್ ಇರುವವರನ್ನು ಜೊತೆಗೆ ಸೇರಿಸಿಕೊಳ್ಳಿ. ಜಿಪಿಎಸ್ ಮಾಡ್ಯೂಲ್ ಕೊಳ್ಳುವಾಗಲೂ ಜೋಪಾನ. ಎಷ್ಟೋ ಮಾಡ್ಯೂಲ್‌ಗಳು 18 ಕಿ.ಮೀ. ದಾಟಿದ ಕೂಡಲೇ ಸುಮ್ನಾಗುತ್ತವೆ. ಯು-ಬ್ಲಾಕ್ಸ್ ಕಂಪನಿಯದ್ದಾದರೆ ಫ್ಲೈಟ್ ಮೋಡ್‌ಗೆ (ಫೋನಿನದ್ದಲ್ಲ, ಎತ್ತರದಲ್ಲೂ ಕೆಲಸ ಮಾಡುವಂತೆ ಮಾಡುವ ಸೆಟ್ಟಿಂಗ್) ಹಾಕಲೇಬೇಕು. ಬ್ಯಾಟರಿ ಲಿಥಿಯಂ ಸೆಲ್ ಇರಲಿ, ಮೈನಸ್ 60ರ ಚಳಿಯಲ್ಲಿ ಮಾಮೂಲಿ ಸೆಲ್ ಕೈಕೊಡುತ್ತದೆ.

ತುಂಗಾತೀರ:
ಡಬ್ಬದ ಮೇಲೆ ಕನ್ನಡ, ತೆಲುಗು ಎರಡರಲ್ಲೂ ದಪ್ಪಕ್ಷರದಲ್ಲಿ ಬರೆಯಿರಿ: 'ಅಪಾಯ ಇಲ್ಲ, ಫೋನ್ ಮಾಡಿ.' 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಟಾಟಾ ಮೂಲ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ದೊಡ್ಡ ಬಲೂನ್ ಬಿದ್ದಾಗ ಊರಿಗೆ ಊರೇ ಗಾಬರಿಯಾಗಿತ್ತು. ವಿಜ್ಞಾನಿಗಳದ್ದೇ ಹಾಗಾದರೆ ನಿಮ್ಮ ಮೀನಿನ ಡಬ್ಬದ ಗತಿ ಏನು?

ಹೊಲದಂಚು:
ಅನುಮತಿ ಯಾರ ಹತ್ತಿರ ಕೇಳಬೇಕು ಮಾವ? ತಹಶೀಲ್ದಾರ್ ಆಫೀಸಾ?

ಹ್ಯಾಮ್ ಮಾವ:
ಅಯ್ಯೋ, ಅಲ್ಲಿ ಮುಗಿಯಲ್ಲ. ಪ್ರಯಾಣಿಕರ ವಿಮಾನ ಹಾರುವ 10–12 ಕಿ.ಮೀ. ಎತ್ತರವನ್ನು ನಿಮ್ಮ ಬಲೂನ್ ದಾಟಿ ಹೋಗಬೇಕು. ಹಾಗಾಗಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಮತ್ತು ಏರ್ ಟ್ರಾಫಿಕ್ ಕಂಟ್ರೋಲ್ ಒಪ್ಪಿಗೆ ಬೇಕು. ಪೊಲೀಸರಿಗೂ ತಿಳಿಸಿ. ಕಾಲೇಜಿನ ಭೌತಶಾಸ್ತ್ರ ಮೇಷ್ಟ್ರನ್ನು ಮುಂದಿಟ್ಟುಕೊಂಡು ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಅರ್ಜಿ ಹಾಕಿ. ಒಪ್ಪಿಗೆ ಕೈಗೆ ಬರುವ ತನಕ ಹೀಲಿಯಂಗೆ ದುಡ್ಡು ಸುರಿಯಬೇಡಿ, ಸಿಲಿಂಡರ್ ಬಾಡಿಗೆ ಏರುತ್ತಾ ಹೋಗುತ್ತದೆ.