ರಿಸೆಪ್ಟರ್‌ಗೆ ‘ಗ್ರಾಹಕ’ ಬಿಟ್ಟು ಬೇರೆ ಪದ ಬೇಕು, ತುರ್ತು

ಬಳಗದವರಿಗೆ ನಮಸ್ಕಾರ.

ಕೋಳಿ ಫಾರಂ ಕೆಲಸಗಾರರಿಗಾಗಿ ಹಕ್ಕಿ ಜ್ವರದ ಪೋಸ್ಟರ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು. ಕೈ ತೊಳೆಯಿರಿ, ಮಾಸ್ಕ್ ಹಾಕಿ, ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇದೆಲ್ಲ ಮುಗಿದಿದೆ. ‘ವೈರಸ್ ಮನುಷ್ಯರ ಮೈಯೊಳಗೆ ಏನು ಮಾಡುತ್ತದೆ’ ಅನ್ನೋ ಚೌಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ರಿಸೆಪ್ಟರ್‌ಗೆ, ಅಂದರೆ ಜೀವಕೋಶದ ಮೇಲೆ ವೈರಸ್ ಅಂಟಿಕೊಳ್ಳುವ ತಾಣಕ್ಕೆ, ಪಠ್ಯಪುಸ್ತಕದ ಮಾತು ‘ಗ್ರಾಹಕ’. ಅದನ್ನೇ ಹಾಕಿ, ‘ವೈರಸ್ ಮೊದಲು ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ’ ಅಂತ ಬರೆದೆ. ಕರಡು ಓದಿದ ಫಾರಂ ಮೇಸ್ತ್ರಿ, ‘ಮೇಡಂ, ಇದನ್ನ ಗೋಡೆಗೆ ಹಾಕಿದ್ರೆ ನಮ್ಮ ಕೋಳಿ ಯಾರು ತಗೋತಾರೆ?’ ಅಂದರು.

ಇನ್ನೆರಡು ತೊಡಕು. ಶ್ವಾಸಕೋಶ, ಅದರೊಳಗೆ ವಾಯುಕೋಶ, ಅದರ ಗೋಡೆಯಲ್ಲಿ ಜೀವಕೋಶ. ಒಂದೇ ಸಾಲಿನಲ್ಲಿ ಮೂರು ಕೋಶ! ಆಮೇಲೆ ‘ಸೈಟೊಕೈನ್ ಸ್ಟಾರ್ಮ್’, ಅಂದರೆ ದೇಹದ ರಕ್ಷಣೆಯೇ ಅತಿಯಾಗಿ ಕೆರಳಿ ಮೈಗೆ ಹಾನಿ ಮಾಡುವುದು. ಇದಕ್ಕೆ ‘ಬಿರುಗಾಳಿ’ ಅನ್ನಲೇ?

ಸು., ಮೈಸೂರು

ಮರು:

‘ಗ್ರಾಹಕ’ ಸರಿಯಾಗಿಯೇ ಇದೆ. ಗ್ರಹ್ ಧಾತು, ಹಿಡಿಯುವುದು ಎಂದರ್ಥ. ಅಂಗಡಿಗೆ ಬರುವವರು ‘ಗ್ರಾಹಕರು’, ಜೀವಕೋಶದ ಮೇಲಿರುವವು ‘ಗ್ರಾಹಕಗಳು’. ನಿಮ್ಮ ಮೇಸ್ತ್ರಿ ಹೆದರಿದ್ದು ಬಹುವಚನ ಗಮನಿಸದೆ. ಅಷ್ಟೂ ಭಯವಿದ್ದರೆ ‘ಗ್ರಾಹಿ’ ಹಾಕಿ. ‘ಗಿರಾಕಿ’ಯೂ ಇದೇ ಗ್ರಾಹಕದ ಮೊಮ್ಮಗ, ಗೊತ್ತಿರಲಿ.

ವೆಂ. ಶಾಸ್ತ್ರಿ

ಮರು:

ಶಾಸ್ತ್ರಿಗಳು ಗೋಡೆಗೂ ವ್ಯಾಕರಣ ಕಲಿಸಲು ಹೊರಟಿದ್ದಾರೆ. ಪೋಸ್ಟರ್ ಓದುವವರು ಧಾತು ಬಿಡಿಸಿಕೊಂಡು ಕೂರುವುದಿಲ್ಲ.

ಮೂಲ ತಪ್ಪು ಇರುವುದು ‘ಶ್ವಾಸಕೋಶ’ದಲ್ಲೇ. ತಮಿಳರು ನುರೈಯೀರಲ್ ಅನ್ನುತ್ತಾರೆ, ಅದರಲ್ಲಿರುವುದು ನಮ್ಮ ನೊರೆಯೇ. ತೆಲುಗರು ಊಪಿರಿತಿತ್ತಿ ಅನ್ನುತ್ತಾರೆ. ತಿತ್ತಿ ನಮ್ಮಲ್ಲೂ ಇದೆ, ಕಮ್ಮಾರನ ತಿದಿಯೂ ಇದೆ. ನಾವು ಮಾತ್ರ ಎಲ್ಲದಕ್ಕೂ ಕೋಶ ಅಂಟಿಸಿಕೊಂಡು, ಆಮೇಲೆ ಮೂರು ಕೋಶ ಆಯಿತು ಅಂತ ಅಳುತ್ತೇವೆ. ಶ್ವಾಸಕೋಶಕ್ಕೆ ಉಸಿರುತಿತ್ತಿ, ವಾಯುಕೋಶಕ್ಕೆ ಗಾಳಿಗೂಡು, ರಿಸೆಪ್ಟರ್‌ಗೆ ಹಿಡಿಕ. ಮುಗೀತು.

ಕ., ಹಾಸನ

ಮರು:

ಡಾಕ್ಟರ ಹತ್ತಿರ ಹೋಗಿ ‘ಉಸಿರುತಿತ್ತಿಯಲ್ಲಿ ನೋವು’ ಅಂದು ನೋಡಿ. ಏನಾಗುತ್ತದೆ ಅಂತ ಬಳಗಕ್ಕೂ ತಿಳಿಸಿ.

ನಾ., ಶಿವಮೊಗ್ಗ

ಮರು:

ಸು. ಅವರೇ, ಪದಕ್ಕೆ ಮೊದಲು ವಸ್ತು ನೋಡೋಣ. ಜೀವಕೋಶಗಳ ಜೊತೆಗೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಫ್ಲೂ ವೈರಸ್ ಅಂಟಿಕೊಳ್ಳುವುದು ಸಯಾಲಿಕ್ ಆಮ್ಲ ಅನ್ನುವ ಒಂದು ಸಕ್ಕರೆಗೆ. ಜೀವಕೋಶದ ಮೇಲ್ಮೈಯಲ್ಲಿ ಸಕ್ಕರೆಗಳ ಸರಪಳಿಗಳಿರುತ್ತವೆ, ಅವುಗಳ ತುದಿಯಲ್ಲಿ ಇದು ಕೂತಿರುತ್ತದೆ. ಇದು ಹಿಂದಿನ ಸಕ್ಕರೆಗೆ ಕೂಡಿಕೊಂಡಿರುವ ರೀತಿ ಮುಖ್ಯವಾಗಿ ಎರಡು, 2-6 ಮತ್ತು 2-3 ಅಂತ ಹೆಸರು. ಮನುಷ್ಯರ ಮಾಮೂಲಿ ಫ್ಲೂಗೆ 2-6 ಜೋಡಣೆ ಇಷ್ಟ, ಹಕ್ಕಿ ಜ್ವರದ ಎಚ್5ಎನ್1ಗೆ 2-3 ಜೋಡಣೆ. ನಮ್ಮ ಮೂಗು, ಗಂಟಲಲ್ಲಿ 2-6 ಜಾಸ್ತಿ. 2-3 ಹೆಚ್ಚಾಗಿ ಸಿಗುವುದು ಕೆಳಗೆ, ವಾಯುಕೋಶಗಳ ಹತ್ತಿರ. ಹಕ್ಕಿ ಜ್ವರ ಜನರಿಂದ ಜನರಿಗೆ ಸುಲಭವಾಗಿ ಹರಡದೆ ಇರಲು, ಬಂದವರಿಗೆ ಮಾತ್ರ ತೀರಾ ಕೆಟ್ಟದಾಗಿ ಬರಲು ಇದೊಂದು ಮುಖ್ಯ ಕಾರಣ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮೊದಲ ಸಲ ಮನುಷ್ಯರಿಗೆ ತಗುಲಿದಾಗ ಕಾಯಿಲೆ ಬಿದ್ದವರು 18 ಜನ, ತೀರಿಕೊಂಡವರು 6.

ವಾಯುಕೋಶದ ಗೋಡೆಯಲ್ಲಿ ಎರಡು ಬಗೆಯ ಜೀವಕೋಶ ಇವೆ. ಒಂದು ತೆಳ್ಳಗೆ ಹರಡಿಕೊಂಡಿರುತ್ತದೆ, ಅದರ ಮೂಲಕವೇ ಆಮ್ಲಜನಕ ರಕ್ತಕ್ಕೆ ಹೋಗುವುದು. ಇನ್ನೊಂದು ದಪ್ಪಗೆ, ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಎರಡನೇ ಬಗೆ ಅಂತಲೇ ಹೆಸರು. ವಾಯುಕೋಶ ಮುದುಡಿ ಅಂಟಿಕೊಳ್ಳದ ಹಾಗೆ ಜಿಡ್ಡಿನಂಥ ಪದಾರ್ಥ ಒಸರುವುದು ಇದು. ತೆಳ್ಳಗಿನದು ಹಾಳಾದರೆ ಆ ಜಾಗ ತುಂಬುವುದೂ ಇದೇ. ಎಚ್5ಎನ್1 ಹುಡುಕಿಕೊಂಡು ಹೋಗುವುದು ಈ ಎರಡನೇ ಬಗೆಯನ್ನು. ಅಂದರೆ ಮನೆ ರಿಪೇರಿ ಮಾಡುವ ಗಾರೆಯವನನ್ನೇ ಮೊದಲು ಕೊಂದಂತೆ.

ಜೀವಕೋಶವೂ ಸುಮ್ನೆ ಕೂರುವುದಿಲ್ಲ. ಒಳಗೆ ವೈರಸ್ಸಿನ ವಂಶವಸ್ತುವಾದ ಆರ್‌ಎನ್‌ಎ ಕಂಡ ಕೂಡಲೇ ಇಂಟರ್‌ಫೆರಾನ್ ಅನ್ನುವ ಎಚ್ಚರಿಕೆಯ ಪ್ರೋಟೀನು ಬಿಡುತ್ತದೆ, ಅಕ್ಕಪಕ್ಕದವು ಎಚ್ಚರವಾಗುತ್ತವೆ. ಎನ್‌ಎಸ್1 ಅನ್ನುವ ವೈರಸ್ ಪ್ರೋಟೀನು ಇದನ್ನು ಅದುಮಲು ನೋಡುತ್ತದೆ. ಇದರ ಜೊತೆಗೆ ರಕ್ಷಣಾ ಕಣಗಳನ್ನು ಕರೆಯುವ ಸೈಟೊಕೈನ್‌ಗಳೂ ಹೊರಬರುತ್ತವೆ. 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮನುಷ್ಯರ ಶ್ವಾಸಕೋಶದ ಜೀವಕೋಶಗಳನ್ನು ಬೆಳೆಸಿ, ಕೆಲವಕ್ಕೆ ಎಚ್5ಎನ್1, ಕೆಲವಕ್ಕೆ ಮನುಷ್ಯರ ಮಾಮೂಲಿ ಫ್ಲೂನ ಎಚ್1ಎನ್1 ಸೋಂಕಿಸಿ ನೋಡಿದರು. ಎಚ್5ಎನ್1 ತಗುಲಿದವು ಐಪಿ-10, ಐಎಲ್-6 ಮುಂತಾದ ಸೈಟೊಕೈನ್‌ಗಳನ್ನು ಬಹಳ ಜಾಸ್ತಿ ಸುರಿಸಿದವು. ಕರೆ ಹೀಗೆ ಅತಿಯಾದಾಗ ಬಂದವರೇ ಅಂಗಾಂಶ ಕೆಡಿಸುತ್ತಾರೆ, ವಾಯುಕೋಶದಲ್ಲಿ ನೀರು ತುಂಬುತ್ತದೆ. ನೀವು ಹೇಳಿದ ಸ್ಟಾರ್ಮ್ ಇದೇ.

ಹಾಗಾಗಿ ‘ಗ್ರಾಹಕ’ ಬಿಡಿ, ‘ಸಕ್ಕರೆ ಎಳೆ’ ಅನ್ನಿ. ‘ಬಿರುಗಾಳಿ’ ಖಂಡಿತ ಬೇಡ. ಉಸಿರಿನ ವಿಷಯದಲ್ಲಿ ಗಾಳಿ ಅಂದರೆ ಜನ ನಿಜವಾದ ಗಾಳಿ ಅಂದುಕೊಳ್ಳುತ್ತಾರೆ, ಅಲ್ವಾ? ‘ಉರಿಯೂತ ಕೈಮೀರುತ್ತದೆ’ ಸಾಕು.

ಪ್ರ., ಮಣಿಪಾಲ

ಮರು:

‘ಉರಿಯೂತ’ಕ್ಕೆ ನನ್ನ ವೋಟು. ಉರಿ, ಊತ, ಎರಡೂ ಅಚ್ಚಗನ್ನಡ, ಡಾಕ್ಟರುಗಳೂ ಬಳಸುತ್ತಾರೆ. ಆದರೆ ‘ಸಯಾಲಿಕ್ ಆಮ್ಲ’ ಯಾಕೆ? ಗ್ರೀಕಿನಲ್ಲಿ ಸಿಯಾಲೊನ್ ಅಂದರೆ ಜೊಲ್ಲು. ‘ಜೊಲ್ಲುಹುಳಿ’ ಅನ್ನಬಹುದು.

ಕ., ಹಾಸನ

ಮರು:

ಜೊಲ್ಲುಹುಳಿ! ಕೋಳಿ ಫಾರಂ ಗೋಡೆಯ ಮೇಲೆ!

ನಾ., ಶಿವಮೊಗ್ಗ

ಮರು:

ಕ. ಅವರು ಮೆಚ್ಚಿಕೊಳ್ಳಬಹುದಾದ ‘ಸಕ್ಕರೆ’ ಸಂಸ್ಕೃತದ ಶರ್ಕರಾ. ಅವರು ಬಾಯಿ ಮುಚ್ಚಿಕೊಂಡು ಬಳಸುವ ‘ವೈರಸ್’ ಲ್ಯಾಟಿನ್. ಅದೂ ನಮ್ಮ ‘ವಿಷ’ವೂ ಒಂದೇ ಬೇರಿನವು. ಅದಕ್ಕೇ ‘ವಿಷಾಣು’ ಸಮರ್ಪಕ. ಪತ್ರಿಕೆಗಳ ‘ವೈರಾಣು’ ಅರ್ಧ ಲ್ಯಾಟಿನ್, ಅರ್ಧ ಸಂಸ್ಕೃತ. ವೈರಿಯ ಅಣು ಎಂದು ಅರ್ಥ ಹಚ್ಚುವವರೂ ಇದ್ದಾರೆ, ಪಾಪ.

ವೆಂ. ಶಾಸ್ತ್ರಿ

ಮರು:

ಶಾಸ್ತ್ರಿಗಳೇ, ಸಕ್ಕರೆ ನಮ್ಮ ಬಾಯಲ್ಲಿ ತದ್ಭವ ಆಗಿ ಯಾವ ಕಾಲವಾಯಿತು. ನಾಲಿಗೆಗೆ ಒಗ್ಗಿಸಿಕೊಂಡದ್ದು ನಮ್ಮದು. ನನ್ನ ಜಗಳ ನಾಲಿಗೆ ತಿರುಗದ ಪದ ಸಮಿತಿ ಮಾಡಿ ಹೇರುವುದರ ಜೊತೆ. ‘ವೈರಸ್’ ಸಂತೆಯಲ್ಲೂ ಓಡಾಡುತ್ತಿದೆ, ಇರಲಿ. ‘ವಿಷಾಣು’ ಯಾವ ಸಂತೆಯಲ್ಲಿದೆ?

ಕ., ಹಾಸನ

ಮರು:

ಸಂತೆಯೇ ನಿಘಂಟಾದರೆ ನಾವೆಲ್ಲ ಯಾಕೆ ಇಲ್ಲಿದ್ದೇವೆ?

ವೆಂ. ಶಾಸ್ತ್ರಿ

ಮರು:

ದಯವಿಟ್ಟು ನನ್ನ ಪೋಸ್ಟರ್ ಕಡೆ ಬನ್ನಿ. ಪ್ರ. ಸರ್, ತುಂಬಾ ಉಪಕಾರವಾಯಿತು. ಹೀಗೆ ಬರೆದಿದ್ದೇನೆ:

‘ಹಕ್ಕಿ ಜ್ವರದ ವೈರಸ್ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿನ ಗಾಳಿಗೂಡುಗಳ ಗೋಡೆಯಲ್ಲಿರುವ ಸಕ್ಕರೆ ಎಳೆಗಳಿಗೆ ಅಂಟಿಕೊಂಡು ಜೀವಕೋಶದೊಳಗೆ ನುಗ್ಗುತ್ತದೆ. ಜೀವಕೋಶಗಳು ಸಾಯುತ್ತವೆ. ಉರಿಯೂತ ಕೈಮೀರುತ್ತದೆ. ಗಾಳಿಗೂಡಿನಲ್ಲಿ ನೀರು ತುಂಬಿ ಉಸಿರಾಡುವುದು ಕಷ್ಟವಾಗುತ್ತದೆ.’

ಸು., ಮೈಸೂರು

ಮರು:

ಒಂದೇ ಆಕ್ಷೇಪ. ಶುಗರ್ ಇರುವವರು ಇದನ್ನು ಓದಿದರೆ ಗಾಬರಿಯಾಗುತ್ತಾರೆ. ‘ಸಕ್ಕರೆ ಬಿಟ್ಟರೆ ಹಕ್ಕಿ ಜ್ವರ ಬರಲ್ಲ’ ಅಂತ ವಾಟ್ಸ್ಯಾಪ್‌ನಲ್ಲಿ ಓಡಲು ಶುರುವಾದರೆ ಯಾರು ಹೊಣೆ?

ನಾ., ಶಿವಮೊಗ್ಗ

ಮರು:

ನಾ. ಹೇಳುವುದು ಸರಿ. ‘ಗೋಡೆಯಲ್ಲಿರುವ ಜೀವಕೋಶಗಳಿಗೆ ಅಂಟಿಕೊಂಡು ಒಳಗೆ ನುಗ್ಗುತ್ತದೆ’ ಅಂದರೆ ವಿಜ್ಞಾನ ಏನೂ ಕೆಡುವುದಿಲ್ಲ. ರಿಸೆಪ್ಟರ್ ಬೇಕಾಗಿರುವುದು ನಮಗೆ, ಫಾರಂನವರಿಗಲ್ಲ.

ಪ್ರ., ಮಣಿಪಾಲ

ಮರು:

ಹಾಗೇ ಮಾಡಿದೆ. ಎಲ್ಲರಿಗೂ ಧನ್ಯವಾದ.

ಸು., ಮೈಸೂರು

ಮರು:

ಪದ ಕೇಳಿದ್ದು ನೀವು. ಇಷ್ಟು ಜನ ಕೂತು ಕೊಟ್ಟ ಮೇಲೆ ಪದವೇ ಬೇಡ ಅಂದಿರಿ. ‘ಹಿಡಿಕ’ ಏನು ಪಾಪ ಮಾಡಿತ್ತು?

ಕ., ಹಾಸನ

ಮರು:

ಕ. ಸರ್, ನಿಮ್ಮ ‘ಗಾಳಿಗೂಡು’ ಉಳಿಸಿಕೊಂಡಿದ್ದೇನೆ. ಪ್ರೆಸ್ಸಿನವರು ಕೇಳುತ್ತಿದ್ದಾರೆ, ಸೇರಿಸಿ ಬರೆಯಬೇಕಾ, ಬಿಡಿಸಿ ಬರೆಯಬೇಕಾ?

ಸು., ಮೈಸೂರು

ಮರು:

ಸೇರಿಸಿ.

ಕ., ಹಾಸನ

ಮರು:

ಬಿಡಿಸಿ ಬರೆದರೂ ತಪ್ಪಲ್ಲ.

ವೆಂ. ಶಾಸ್ತ್ರಿ